ಮಾಂಟೆ ಬೆಲ್ಲೊ 1995: ನಾಳೆ ಸಂಜೆ ತೆರೆಯುತ್ತಿದ್ದೇನೆ, ಹೇಗೆ ತೂಗಿ ನೋಡಬೇಕು ಹೇಳಿ

ಕುಪರ್ಟಿನೊ ಕಿಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಿಂದ ನಿವೃತ್ತರಾದ ಹಿರಿಯರೊಬ್ಬರು ಮನೆ ಬದಲಾಯಿಸುವಾಗ ನನಗೊಂದು ಬಾಟಲಿ ಕೊಟ್ಟುಹೋದರು. ಕ್ಯಾಲಿಫೋರ್ನಿಯಾದ ರಿಜ್ ವೈನರಿಯ ಮಾಂಟೆ ಬೆಲ್ಲೊ, 1995ರ ಸುಗ್ಗಿಯದು. ಮಾರಾಟಕ್ಕೆ ಬಂದಾಗಲೇ ವೈನರಿಯಲ್ಲಿ ಕೊಂಡು, ಅಂದಿನಿಂದ ಅವರ ನೆಲಮಾಳಿಗೆಯಲ್ಲೇ ಮಲಗಿಸಿ ಇಟ್ಟಿದ್ದರಂತೆ. ಈ ಕಡೆ ಇರುವವರಿಗೆ ಗೊತ್ತು, ಮಾಂಟೆ ಬೆಲ್ಲೊ ಅಂದರೆ ನಮ್ಮೂರ ಬೆನ್ನಿಗಿರುವ ಬೆಟ್ಟ. ಅದರ ನೆತ್ತಿಯ ಮೇಲೆ ಬೆಳೆದ ಕ್ಯಾಬರ್ನೆ ಸಾವಿನ್ಯೋನ್ ದ್ರಾಕ್ಷಿ, ಜೊತೆಗೆ ಮೆರ್ಲೊ, ಪೆಟಿ ವರ್ಡೊ ಬೆರೆಸಿ ಫ್ರಾನ್ಸಿನ ಬೋರ್ಡೊ ಮಾದರಿಯಲ್ಲಿ ಮಾಡುವ ವೈನ್ ಇದು.

ನಾನು ಈವರೆಗೆ ಕುಡಿದದ್ದೆಲ್ಲ ನಾಲ್ಕೈದು ವರ್ಷದ ಎಳೆಯ ವೈನುಗಳು. ಇಷ್ಟು ಹಳೆಯದನ್ನು ತೆರೆಯುವುದು ಹೇಗೆ, ಏನು ನೋಡಬೇಕು, ಚೆನ್ನಾಗಿದೆ ಅಂತ ಯಾವ ಆಧಾರದ ಮೇಲೆ ಹೇಳಬೇಕು? ಬಾಟಲಿಯ ಸ್ಥಿತಿ: ವೈನಿನ ಮಟ್ಟ ಕತ್ತಿನ ಬುಡದಲ್ಲಿದೆ. ಕಾರ್ಕ್ ಮೇಲಿನ ಹೊದಿಕೆ ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ಚೀಟಿಯ ಒಂದು ಮೂಲೆಯಲ್ಲಿ ತೇವದ ಕಲೆ ಇದೆ.

ಗಿರೋಂದ್ ಗೌರಿ

ಕಿಟ್ಟಿಯವರೇ, ನಾನಿರುವುದು ಬೋರ್ಡೊದಲ್ಲಿ, ವೈನ್ ವ್ಯಾಪಾರಿಗಳ ಗೋದಾಮಿನಲ್ಲಿ ಕೆಲಸ. ನೀವು ಕೊಟ್ಟ ಮೂರೂ ಲಕ್ಷಣ ಒಳ್ಳೆಯವೇ. ಕಾರ್ಕ್ ಮೂಲಕ ವರ್ಷವರ್ಷವೂ ಸ್ವಲ್ಪ ಸ್ವಲ್ಪ ವೈನ್ ಆವಿಯಾಗುತ್ತದೆ. ಮೂವತ್ತರ ಆಸುಪಾಸಿನ ಬಾಟಲಿಯಲ್ಲಿ ಮಟ್ಟ ಇನ್ನೂ ಕತ್ತಿನ ಬುಡದಲ್ಲಿದೆ ಅಂದರೆ ಕಾರ್ಕ್ ಗಟ್ಟಿಯಾಗಿದೆ. ಭುಜದ ನಡುವಿಗೆ ಇಳಿದಿದ್ದರೆ ಯೋಚಿಸಬೇಕಿತ್ತು. ಹೊದಿಕೆ ತಿರುಗುತ್ತದೆ ಅಂದರೆ ವೈನ್ ಸೆಕೆಗೆ ಉಬ್ಬಿ, ಕಾರ್ಕ್ ಪಕ್ಕದಿಂದ ಸೋರಿ, ಅಲ್ಲಿ ಅಂಟಾಗಿ ಕೂತಿಲ್ಲ. ತೇವದ ಕಲೆ ನೋಡಲು ಚೆಂದವಿಲ್ಲ, ಹರಾಜಿನಲ್ಲಿ ಬೆಲೆ ಇಳಿಸುತ್ತದೆ; ಆದರೆ ಕುಡಿಯುವವರಿಗೆ ಅದೇ ಭರವಸೆ, ಕಾರ್ಕ್ ಒಣಗಿ ಕುಗ್ಗದಷ್ಟು ತೇವ ನೆಲಮಾಳಿಗೆಯಲ್ಲಿತ್ತು ಅಂತ.

ಈಗಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಬಿಡಿ, ಗಸಿ ತಳಕ್ಕಿಳಿಯಲಿ. ಮಾಮೂಲಿ ತಿರುಪಿನ ಓಪನರ್ ಬೇಡ, ಹಳೆಯ ಕಾರ್ಕ್ ನಡುವೆಯೇ ಪುಡಿಯಾಗುತ್ತದೆ. ಎರಡು ತೆಳು ಅಲಗಿನ ಓಪನರ್ ಸಿಗುತ್ತದಲ್ಲ, ಅದನ್ನು ಕಾರ್ಕ್ ಮತ್ತು ಗಾಜಿನ ನಡುವೆ ಆಚೀಚೆ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಎಳೆಯಿರಿ. ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಒಂದೇ ಧಾರೆಯಲ್ಲಿ ಡಿಕ್ಯಾಂಟರಿಗೆ, ಅಂದರೆ ಗಾಜಿನ ಹೂಜಿಗೆ, ಸುರಿಯಿರಿ. ಗಸಿಯ ಕಪ್ಪು ಎಳೆ ಬಾಟಲಿಯ ಭುಜದ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ತಳದಲ್ಲಿ ಒಂದೆರಡು ಗುಟುಕು ಉಳಿಯುತ್ತದೆ, ಅದರ ಆಸೆ ಬಿಡಿ. ಎಳೆಯ ವೈನಿನ ಹಾಗೆ ಗಂಟೆಗಟ್ಟಲೆ ಮೊದಲೇ ಸುರಿದಿಡಬೇಡಿ. ಕುಡಿಯಲು ಕೂರುವಾಗ ಸುರಿದರೆ ಸಾಕು. 16ರಿಂದ 18 ಡಿಗ್ರಿ ಇರಲಿ.

ಧಾರವಾಡ ಸಂಶಯಪ್ಪ

ಟಾರ್ಚ್ ಅಂತ, ಎರಡು ಅಲಗಿನ ಓಪನರ್ ಅಂತ! ಏನ್ರೀ ಇದು, ಆಪರೇಷನ್ ಮಾಡ್ತೀರೇನು? ನಿಮ್ಮ ಬೋರ್ಡೊದಾಗ ನಡೆದ ಪ್ರಯೋಗನ ಹೇಳ್ತೀನಿ ಕೇಳ್ರಿ. ಫ್ರೆಡರಿಕ್ ಬ್ರೋಶೆ ಮತ್ತ ಅವರ ಜೋಡಿದಾರರು ವೈನ್ ಕಲಿಯೋ 54 ಮಂದಿಗೆ ಬಿಳಿ ವೈನಿಗೇ ವಾಸನಿ ಇಲ್ಲದ ಕೆಂಪು ಬಣ್ಣ ಬೆರಸಿ ಕೊಟ್ರು. ಅವರು ಕೆಂಪು ವೈನಿಗೆ ಹೇಳೋ ಹಣ್ಣಿನ ಹೆಸರನ್ನ ಹೇಳಿದ್ರು. 2001ರಾಗ ಅದು ಪ್ರಕಟ ಆತು. ಅಂದಮ್ಯಾಲ ವೈನ್ ಮಂದಿ ಹೇಳೋ ಪೆನ್ಸಿಲ್ ವಾಸನಿ, ಅಣಬಿ ವಾಸನಿ ಎಲ್ಲಾ ಕಣ್ಣು ಹೇಳಿಕೊಟ್ಟ ಪಾಠ ಅಲ್ಲೇನು? ಹಿರೇರು ಕೊಟ್ಟಾರ, ಹೆಸರು ದೊಡ್ಡದೈತಿ, ರೊಕ್ಕಾ ಜಾಸ್ತಿ ಐತಿ. ಕಿಟ್ಟಿ ಅವರು 'ಆಹಾ' ಅನ್ನೋದು ಈಗಾಗಲೇ ಬರದು ಮುಗದೈತಿ ಬಿಡ್ರಿ.

ಗಿರೋಂದ್ ಗೌರಿ

ಆ ಪ್ರಯೋಗ ನಿಜ, ಇಲ್ಲಿ ವೈನ್ ಕಲಿಯುವವರಿಗೂ ಅದು ಗೊತ್ತು. ಅದರಿಂದ ಸಾಬೀತಾಗುವುದು ಕಣ್ಣು ಮೂಗಿನ ಮೇಲೆ ಸವಾರಿ ಮಾಡುತ್ತದೆ ಅನ್ನುವುದು. ಮೂಗೇ ಸುಳ್ಳು ಅಂತಲ್ಲ. ಅದಕ್ಕೇ ಹೆಸರು ಮುಚ್ಚಿ ರುಚಿ ನೋಡುವ ಪದ್ಧತಿ ಇರುವುದು. ಈ ಮಾಂಟೆ ಬೆಲ್ಲೊ ವಿಷಯದಲ್ಲೇ ಅಂಥ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ಆಗಿದೆ. 1976ರ ಮೇ 24ರಂದು ಪ್ಯಾರಿಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದು ಪ್ರಸಿದ್ಧ. ಫ್ರೆಂಚ್ ತೀರ್ಪುಗಾರರೇ ಹೆಸರು ನೋಡದೆ ಅಂಕ ಕೊಟ್ಟು, ಕೆಂಪಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973ನ್ನು ಮೊದಲಿಗೆ ನಿಲ್ಲಿಸಿದರು. ಬೋರ್ಡೊದ ಮೂತೋನ್ 1970 ಎರಡನೆಯದು. ರಿಜ್‌ನವರ 1971ರ ಮಾಂಟೆ ಬೆಲ್ಲೊ ಐದನೆಯದು.

ಆಗ ನಮ್ಮೂರಿನವರು ಏನಂದರು ಗೊತ್ತೇ? ಕ್ಯಾಲಿಫೋರ್ನಿಯಾದ್ದು ಎಳೆಯದಿದ್ದಾಗ ಮಿಂಚುತ್ತದೆ, ಕಾಲ ಕಳೆದರೆ ನಮ್ಮದೇ ಗೆಲ್ಲುವುದು ಅಂದರು. ಸರಿ, 2006ರಲ್ಲಿ ಅವೇ ಹತ್ತು ಕೆಂಪು ವೈನುಗಳನ್ನು ಲಂಡನ್ನಿನಲ್ಲೂ ಕ್ಯಾಲಿಫೋರ್ನಿಯಾದ ನಾಪಾದಲ್ಲೂ ಒಟ್ಟಿಗೆ ಇಟ್ಟರು. ಈ ಬಾರಿ ಮಾಂಟೆ ಬೆಲ್ಲೊ 1971 ಮೊದಲು ಬಂತು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾಯಿತು. ಹೆಸರು ಮುಚ್ಚಿಯೇ ಬಂದ ಫಲಿತಾಂಶ ಇದು ಸಂಶಯಪ್ಪನವರೇ.

ರಸಾಯನ ರಘು

ನಾನು ಮೇಷ್ಟರು, ಹಾಗಾಗಿ ಸ್ವಲ್ಪ ಪಾಠ. ಎಳೆಯ ಕ್ಯಾಬರ್ನೆ ಕುಡಿದಾಗ ಒಸಡು ಹಿಡಿದುಕೊಳ್ಳುವ ಒಗರು ಇದೆಯಲ್ಲ, ಅದು ಸಿಪ್ಪೆ ಮತ್ತು ಬೀಜದ ಟ್ಯಾನಿನ್. ಅದು ನಮ್ಮ ಜೊಲ್ಲಿನ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಬಾಯಿ ಒಣಗಿದ ಹಾಗಾಗುತ್ತದೆ. ಬಾಟಲಿಯೊಳಗೆ ವರ್ಷಾನುಗಟ್ಟಲೆ ಈ ಟ್ಯಾನಿನ್ನುಗಳು ತಮ್ಮತಮ್ಮಲ್ಲೂ, ಸಿಪ್ಪೆಯ ಕೆಂಪು ಬಣ್ಣದ ಜೊತೆಗೂ ಕೂಡಿಕೊಳ್ಳುತ್ತ ದೊಡ್ಡ ಅಣುಗಳಾಗುತ್ತವೆ. ಅದರಲ್ಲಿ ಒಂದು ಪಾಲು ಭಾರವಾಗಿ ತಳಕ್ಕೆ ಬೀಳುತ್ತದೆ, ಅದೇ ನಿಮ್ಮ ಗಸಿ. ಆದ್ದರಿಂದ ಬಣ್ಣ ನೇರಳೆಯಿಂದ ಮಾಣಿಕ್ಯಕ್ಕೆ, ಅಲ್ಲಿಂದ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಒಗರು ಮೆತ್ತಗಾಗುತ್ತದೆ.

ಆದರೆ ಹುಳಿ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಹಣ್ಣು ಕರಗಿಹೋಗಿ ಬರೀ ಹುಳಿ ಉಳಿದರೆ ಅದು ವಯಸ್ಸಾದ ವೈನ್ ಅಲ್ಲ, ಮುಗಿದ ವೈನ್. ಹುಳಿಯೂ ಒಗರೂ ಹಣ್ಣೂ ಒಂದನ್ನೊಂದು ಬಿಟ್ಟುಕೊಡದೆ ಬಂದಿವೆಯೋ ಇಲ್ಲವೋ ಅನ್ನುವುದೇ ನಾಳೆ ನೀವು ನೋಡಬೇಕಾದ್ದು.

ದೋಷಗಳ ಪೈಕಿ ಮೂರು ಗೊತ್ತಿರಲಿ. ಒದ್ದೆ ರಟ್ಟಿನ ವಾಸನೆ ಬಂದು, ಹಣ್ಣು ಸಪ್ಪೆಯಾಗಿದ್ದರೆ ಕಾರ್ಕಿನಿಂದ ಬಂದ ಟಿಸಿಎ ಅನ್ನುವ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ, ಗಾಳಿಗಿಟ್ಟರೂ ಹೋಗುವುದಿಲ್ಲ. ಕುದುರೆ ಲಾಯ, ಬ್ಯಾಂಡೇಜ್ ಪಟ್ಟಿಯ ವಾಸನೆ ಬ್ರೆಟನೊಮೈಸಿಸ್ ಅನ್ನುವ ಯೀಸ್ಟ್ ಕೆಲಸ. ಕೊಯ್ದಿಟ್ಟ ಸೇಬು ಕಂದಿದ ವಾಸನೆ ಬಂದರೆ ಗಾಳಿ ಒಳಹೊಕ್ಕಿದೆ. ಇವು ಮೂರೂ ಇಲ್ಲದಿದ್ದರೆ ಉಳಿದ ವಿಚಿತ್ರ ವಾಸನೆಗಳಿಗೆಲ್ಲ ಹೆದರಬೇಡಿ, ಕಾಯಿರಿ.

ವಿರಾಜಪೇಟೆ ಕಾವೇರಿ

ಎಲ್ಲರೂ ಬಾಟಲಿಯನ್ನೇ ನೋಡ್ತಿದ್ದೀರಿ, ತಟ್ಟೆಗೆ ಏನು ಹಾಕ್ತಾರೆ ಅಂತ ಯಾರೂ ಕೇಳಲಿಲ್ಲ! ನಮ್ಮನೆಯಲ್ಲಿ ಆದರೆ ಪಂದಿ ಕರಿ.

ಗಿರೋಂದ್ ಗೌರಿ

ಅಯ್ಯೋ ಬೇಡ ಕಾವೇರಿ. ಪಂದಿ ಕರಿ ನನಗೂ ಪ್ರಾಣ, ಆದರೆ ಕಾಚಂಪುಳಿಯ ಹುಳಿಯೂ ಮೆಣಸಿನ ಖಾರವೂ ಸೇರಿದರೆ ಈ ವೈನಿನ ದನಿಯೇ ಕೇಳುವುದಿಲ್ಲ. ಖಾರ ಇದ್ದರೆ ಒಗರು ಒರಟಾಗುತ್ತದೆ, ಮದ್ಯಸಾರ ಉರಿಯುತ್ತದೆ. ಮಾಂಸ ತಿನ್ನುವವರಾದರೆ ಉಪ್ಪು ಮಾತ್ರ ಹಾಕಿ ಸುಟ್ಟ ಕುರಿ ಮಾಂಸ. ಇಲ್ಲದಿದ್ದರೆ ಬೆಣ್ಣೆಯಲ್ಲಿ ಹುರಿದ ಅಣಬೆ, ಹಳೆಯ ಗಟ್ಟಿ ಚೀಸ್. ಪಂದಿ ಕರಿಗೆ ಎರಡು ವರ್ಷದ ಶಿರಾಜ್ ಸಾಕು, ಅದು ಜಗಳ ಕಾಯುತ್ತದೆ.

ಕುಪರ್ಟಿನೊ ಕಿಟ್ಟಿ

ಸಂಜೆ ಆರೂವರೆ. ಕಾರ್ಕ್ ಇಡಿಯಾಗಿ ಬಂತು! ತಳದ ಕಾಲು ಭಾಗ ಮಾತ್ರ ಕಪ್ಪಾಗಿ ನೆನೆದಿದೆ, ಮೇಲಿನದೆಲ್ಲ ಒಣಗಿ ಬಿಳಿಚಿಕೊಂಡಿದೆ. ಹಿಂದಿನ ಚೀಟಿಯನ್ನು ಓದುತ್ತ ಕೂತೆ. ಯಾವ ದ್ರಾಕ್ಷಿ ಎಷ್ಟು ಪಾಲು, ಆ ವರ್ಷದ ಹವೆ ಹೇಗಿತ್ತು ಅಂತೆಲ್ಲ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿ, ಕೊನೆಗೆ ಪಿ.ಡಿ. ಅಂತಿದೆ. ರಿಜ್‌ನಲ್ಲಿ ವೈನ್ ಮಾಡುತ್ತಿದ್ದ ಪಾಲ್ ಡ್ರೇಪರ್ ಇರಬೇಕು.

ಬಿಳಿ ಹಾಳೆಯ ಮೇಲೆ ಲೋಟ ಓರೆ ಮಾಡಿದರೆ ನಡುವೆ ಇನ್ನೂ ಕಡು ಮಾಣಿಕ್ಯ, ಅಂಚಿನಲ್ಲಿ ಮಾತ್ರ ಇಟ್ಟಿಗೆ. ಇಷ್ಟು ಬಣ್ಣ ಇರುತ್ತೆ ಅಂದುಕೊಂಡಿರಲಿಲ್ಲ. ಆದರೆ ಮೂಗು? ಬೀರು ತೆರೆದಾಗ ಬರುವ ಮುಗ್ಗಲು, ಅಷ್ಟೇ. ಹಣ್ಣು ಇಲ್ಲವೇ ಇಲ್ಲ. ರಘು ಸಾರ್, ಇದು ಟಿಸಿಎ ಏನು?

ರಸಾಯನ ರಘು

ಹತ್ತು ನಿಮಿಷ ಮುಟ್ಟಬೇಡಿ. ಟಿಸಿಎ ಆಗಿದ್ದರೆ ಹಾಗೇ ಉಳಿಯುತ್ತದೆ, ಹೋಗಲಾರದು. ಬರೀ ಬಾಟಲಿಯ ಮುಗ್ಗಲಾಗಿದ್ದರೆ ಹೋಗುತ್ತದೆ.

ಧಾರವಾಡ ಸಂಶಯಪ್ಪ

ಹೋಗದಿದ್ರ ಸಾಂಬಾರಿಗೆ ಹಾಕ್ರಿ.

ಕುಪರ್ಟಿನೊ ಕಿಟ್ಟಿ

ಏಳೂ ಕಾಲು. ಮುಗ್ಗಲು ಮಾಯ. ಈಗ ಪೆನ್ಸಿಲ್ ಚೂಪು ಮಾಡಿದ ಪುಡಿ, ಒಣಗಿದ ಪುದೀನ, ಹಿಂದೆಯೇ ನೇರಳೆ ಹಣ್ಣಿನಂಥದ್ದು. ಸಂಶಯಪ್ಪನವರ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೆ ಏನೂ ಹೇಳದೆ ನನ್ನಾಕೆಗೆ ಲೋಟ ಕೊಟ್ಟೆ. ಅವಳಿಗೆ ವೈನ್ ಸಹವಾಸವೇ ಇಲ್ಲ. ಮೂಸಿ ನೋಡಿ 'ನಮ್ಮಜ್ಜನ ನಶ್ಯದ ಡಬ್ಬಿ ತೆರೆದ ಹಾಗಿದೆ' ಅಂದಳು. ಗೌರಿಯವರೇ, ಇದು ಸರಿಯಾದ ಉತ್ತರವೇ?

ಬಾಯಲ್ಲಿ: ಹುಳಿ ಚುರುಕಾಗಿದೆ, ಸಿಹಿ ಇಲ್ಲ, ಒಗರು ಮೇಲಿನ ಒಸಡಿನ ಮೇಲೆ ನುಣ್ಣಗೆ ಹರಡಿಕೊಳ್ಳುತ್ತದೆ, ಕಚ್ಚುವುದಿಲ್ಲ. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲೇ ಇದೆ.

ಗಿರೋಂದ್ ಗೌರಿ

ನಶ್ಯದ ಡಬ್ಬಿ! ನಮ್ಮಲ್ಲಿ ಪೋಯಾಕ್ ವೈನುಗಳಿಗೆ ಸಿಗಾರ್ ಪೆಟ್ಟಿಗೆ ಅಂತ ಬರೆಯುತ್ತಾರೆ. ಹೊಗೆಸೊಪ್ಪು ಮತ್ತು ದೇವದಾರು ಮರ. ನಿಮ್ಮವರು ಯಾವ ಪುಸ್ತಕವನ್ನೂ ಓದದೆ ಅದನ್ನೇ ಹೇಳಿದ್ದಾರೆ. ಸಂಶಯಪ್ಪನವರು ಗಮನಿಸಬೇಕು.

ಬಂದರು ಭಟ್ರು

ಮಾರಾಯ್ರೆ, ನನ್ನದೊಂದು ತಕರಾರು. ರಿಜ್‌ನವರು ಹೆಚ್ಚಾಗಿ ಅಮೆರಿಕದ ಓಕ್ ಪೀಪಾಯಿಯಲ್ಲಿ ಇಡುವುದಲ್ಲವಾ? ಬೋರ್ಡೊದವರು ಹೆಚ್ಚಾಗಿ ಫ್ರೆಂಚ್ ಓಕನ್ನೇ ಬಳಸುವುದು. ಅಮೆರಿಕದ ಓಕ್ ಅಂದರೆ ತೆಂಗಿನಕಾಯಿ, ಸಬ್ಬಸಿಗೆ ವಾಸನೆ. ನಾನೊಮ್ಮೆ 2012ರ ಮಾಂಟೆ ಬೆಲ್ಲೊ ಕುಡಿದೆ, ಮರವೇ ಮುಂದೆ ಬಂದು ಕೂತಿತ್ತು. ಇದನ್ನು ಬೋರ್ಡೊ ಶೈಲಿ ಅಂತ ಹೇಗೆ ಹೇಳುವುದು?

ಗಿರೋಂದ್ ಗೌರಿ

ಭಟ್ಟರೇ, ನೀವು ಕುಡಿದದ್ದು ಶಿಶುಹತ್ಯೆ. 😄 ಓಕ್‌ನ ಲ್ಯಾಕ್ಟೋನ್ ವಾಸನೆ ಎಳೆಯದರಲ್ಲಿ ಮುಂದಿರುವುದು ಸಹಜ. ಡ್ರೇಪರ್ ಮನಸ್ಸಿಟ್ಟದ್ದು ಮರ ಯಾವ ದೇಶದ್ದು ಅನ್ನುವುದಕ್ಕಿಂತ ಹಲಗೆ ಬಯಲಲ್ಲಿ ಎಷ್ಟು ಕಾಲ ಒಣಗಿದೆ ಅನ್ನುವುದರ ಮೇಲೆ. ಮನುಷ್ಯ ಸ್ಟ್ಯಾನ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ ಓದಿದವರು, 1969ರಲ್ಲಿ ರಿಜ್ ಸೇರಿ 2016ರಲ್ಲಿ ನಿವೃತ್ತರಾದರು. ತೋಟದಲ್ಲೇ ಇರುವ ಯೀಸ್ಟ್‌ನಿಂದ ಹುದುಗಿಸುವುದು, ವೈನ್ ಕೆಡದಂತೆ ಹಾಕುವ ಸಲ್ಫರ್ ಆದಷ್ಟು ಕಡಿಮೆ, ದ್ರಾಕ್ಷಿ ಅತಿಯಾಗಿ ಹಣ್ಣಾಗುವ ಮೊದಲೇ ಕೊಯ್ಲು. ಇವು ಅವರ ರೀತಿ. 1990ರ ದಶಕದಿಂದ ನಾಪಾದವರು ಮದ್ಯಸಾರ 14, 15 ದಾಟಿಸಿ ಜಾಮ್ ಮಾಡುತ್ತಿದ್ದಾಗಲೂ ಮಾಂಟೆ ಬೆಲ್ಲೊ 13ರ ಆಸುಪಾಸಿನಲ್ಲೇ ನಿಂತಿತು. ಪೀಪಾಯಿ ಯಾವುದೇ ಇರಲಿ, ಆ ಸಂಯಮವೇ ನನಗೆ ನಮ್ಮ ಬೋರ್ಡೊದ ಮೆದೋಕ್ ಸೀಮೆಯ ಹಳೆಯ ವೈನ್ ಅನ್ನಿಸುವುದು. ಈಗ ನಮ್ಮ ಬೋರ್ಡೊದಲ್ಲೇ ಅದು ಅಪರೂಪವಾಗುತ್ತಿದೆ, ಹೇಳಲು ಬೇಜಾರು.

ಬಂದರು ಭಟ್ರು

ಒಪ್ಪುವುದಿಲ್ಲ, ಆದರೂ ಬಿಡುವ. ಕಿಟ್ಟಿಯವರೇ, ತೆಂಗಿನಕಾಯಿ ಸಿಕ್ಕಿತಾ ಇಲ್ಲವಾ, ನಿಜ ಹೇಳಿ.

ಕುಪರ್ಟಿನೊ ಕಿಟ್ಟಿ

ಎಂಟೂವರೆ. ತೆಂಗಿನಕಾಯಿ ಇಲ್ಲ ಭಟ್ಟರೇ. ಬೆಚ್ಚಗಿನ ಮಸಾಲೆಯ ಒಂದು ಎಳೆ ಇದೆ, ಅದು ಮರದ್ದೇ ಇರಬಹುದು. ಈಗ ಒದ್ದೆ ಎಲೆ, ಅಣಬೆ ಮೇಲೆ ಬರುತ್ತಿದೆ, ಆದರೆ ಹಣ್ಣು ಸೋತಿಲ್ಲ. ನಿಜ ಹೇಳಬೇಕೆಂದರೆ ಏಳೂ ಕಾಲಕ್ಕಿಂತ ಈಗಲೇ ಚೆನ್ನಾಗಿದೆ.

ಇನ್ನೊಂದು ಪ್ರಶ್ನೆ. ನೂರಕ್ಕೆ ಎಷ್ಟು ಅಂತ ಅಂಕ ಕೊಡುತ್ತಾರಲ್ಲ, ಇದಕ್ಕೆ ಎಷ್ಟು ಕೊಡಲಿ?

ಗಿರೋಂದ್ ಗೌರಿ

ಕೊಡಬೇಡಿ. ಆರೂವರೆಗೆ ಕೊಟ್ಟಿದ್ದರೆ ಎಷ್ಟು ಕೊಡುತ್ತಿದ್ದಿರಿ? ಎಪ್ಪತ್ತೂ ಇಲ್ಲ. ಅಂಕ ಎಳೆಯ ವೈನಿಗೆ ಕೊಂಚ ಹೊಂದುತ್ತದೆ, ಏಕೆಂದರೆ ಒಂದೇ ವೈನರಿಯಿಂದ ಹೊರಟ ಸಾವಿರ ಬಾಟಲಿಯೂ ಆಗ ಒಂದೇ ಥರ ಇರುತ್ತವೆ. ಮೂವತ್ತು ವರ್ಷ ಕಳೆದ ಮೇಲೆ ಎರಡು ಬಾಟಲಿ ಒಂದೇ ಥರ ಇರುವುದಿಲ್ಲ. ಒಂದು ತಂಪಿನಲ್ಲಿ ಮಲಗಿತ್ತು, ಇನ್ನೊಂದು ಯಾರದೋ ಫ್ರಿಜ್ ಮೇಲಿತ್ತು. ನೀವು ತೂಗುತ್ತಿರುವುದು 1995ರ ಮಾಂಟೆ ಬೆಲ್ಲೊವನ್ನಲ್ಲ, ನಿಮ್ಮ ಹಿರಿಯರ ನೆಲಮಾಳಿಗೆಯಿಂದ ಬಂದ ಈ ಒಂದು ಬಾಟಲಿಯನ್ನು. ಇದೇ ವರ್ಷದ ಇನ್ನೊಂದನ್ನು ಹರಾಜಿನಲ್ಲಿ ಕೊಂಡವರಿಗೆ ನಿಮ್ಮ ಅಂಕದಿಂದ ಏನೂ ಉಪಯೋಗವಿಲ್ಲ.

ನಾನು ನೋಡುವುದು ಇಷ್ಟೇ: ದೋಷ ಇಲ್ಲ ತಾನೇ, ಎರಡು ಗಂಟೆ ಗಾಳಿ ಕುಡಿದ ಮೇಲೆ ಏರುತ್ತಿದೆಯೋ ಇಳಿಯುತ್ತಿದೆಯೋ, ನುಂಗಿದ ಮೇಲೆ ಉಳಿಯುವುದು ಹಣ್ಣೋ ಬರೀ ಹುಳಿಯೋ. ನಿಮ್ಮದು ಎಂಟೂವರೆಗೂ ಏರುತ್ತಿದೆ ಅಂದರೆ ಇನ್ನೂ ಹತ್ತು ವರ್ಷ ಇಡಬಹುದಿತ್ತು.

ರಸಾಯನ ರಘು

ಇದನ್ನೇ ಮುಂದುವರಿಸಿ ಹೇಳುವುದಾದರೆ ಹಳೆಯ ವೈನಿನ ಬೆಲೆಯಲ್ಲಿ ಅರ್ಧಕ್ಕರ್ಧ ಅದು ಎಲ್ಲೆಲ್ಲಿತ್ತು ಅನ್ನುವ ಚರಿತ್ರೆಗೆ. ರೂಡಿ ಕುರ್ನಿಯವಾನ್ ಪ್ರಕರಣ ನೆನಪಿರಬಹುದು. ಕ್ಯಾಲಿಫೋರ್ನಿಯಾದ ಮನೆಯಲ್ಲೇ ಕೂತು ಬೆರಕೆ ಮಾಡಿ ಹಳೆಯ ಚೀಟಿ ಅಂಟಿಸಿ ಕೋಟಿಗಟ್ಟಲೆ ಮಾರಿದವನು, 2013ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು. ಅವನು ಸಿಕ್ಕಿಬಿದ್ದದ್ದು ರುಚಿಯಿಂದ ಅಲ್ಲ. ಬರ್ಗಂಡಿಯ ಪೋನ್ಸೊ ಮನೆತನದ ಕ್ಲೋ ಸ್ಯಾಂ ದೆನಿ ಅಂತ 1945ರ ಬಾಟಲಿಯನ್ನು ಹರಾಜಿಗಿಟ್ಟಿದ್ದ. ಆ ಮನೆತನ ಅದನ್ನು ಮಾಡಲು ಶುರು ಮಾಡಿದ್ದೇ 1982ರಲ್ಲಿ! ಮಾಲೀಕ ಲೋರಾನ್ ಪೋನ್ಸೊ 2008ರಲ್ಲಿ ನ್ಯೂಯಾರ್ಕಿನ ಹರಾಜಿಗೇ ಖುದ್ದಾಗಿ ಬಂದು ಮಾರಾಟ ನಿಲ್ಲಿಸಿದರು.

ಧಾರವಾಡ ಸಂಶಯಪ್ಪ

ನೋಡ್ರಿ, ಅಷ್ಟು ವರ್ಷ ದೊಡ್ಡ ದೊಡ್ಡ ಮಂದಿ ಆ ಬೆರಕಿ ಕುಡದು 'ಆಹಾ' ಅಂದಿದ್ರಲ್ಲ. ನನ್ನ ಮಾತು ಇದ. ಆದ್ರ ಕಿಟ್ಟಿ ಅವರ ಮನಿಯವರ ನಶ್ಯದ ಡಬ್ಬಿ ಮಾತು ಮಾತ್ರ ನನ್ನ ಬಾಯಿ ಮುಚ್ಚಿಸ್ತು. ಅದಕ್ಕ ಉತ್ತರ ಇಲ್ಲ ನನ್ನ ಕಡೆ.

ನಂದಿ ತಪ್ಪಲ ರೈತ

ತಡವಾಗಿ ಬಂದೆ. ನಾನು ದೊಡ್ಡಬಳ್ಳಾಪುರ ಕಡೆಯವನು, ಕಂಪನಿಗೆ ಕ್ಯಾಬರ್ನೆ, ಶಿರಾಜ್ ಬೆಳೆದು ಕೊಡುತ್ತೇನೆ. ನಮ್ಮ ಭಾಗಕ್ಕೂ ಬೋರ್ಡೊಗೂ ಹಳೆಯ ನಂಟಿದೆ. ಗ್ರೋವರ್ ತೋಟದವರು 1990ರ ದಶಕದಲ್ಲೇ ಪೋಮೆರೋಲ್ ಕಡೆಯ ಮಿಶೆಲ್ ರೋಲಾನ್ ಅವರನ್ನು ಸಲಹೆಗೆ ಕರೆಸಿಕೊಂಡರು. ಅವರ ಲಾ ರಿಸರ್ವ್ ಕ್ಯಾಬರ್ನೆ-ಶಿರಾಜ್ ಬೆರಕೆ. ಬೋರ್ಡೊದಲ್ಲಿ ಶಿರಾಜ್ ಬೆರೆಸಲು ಕಾನೂನು ಬಿಡದು, ಇಲ್ಲಿ ಅದೇ ಚೆನ್ನಾಗಿ ಹೊಂದುತ್ತೆ.

ನನ್ನ ಪ್ರಶ್ನೆ, ನಮ್ಮದು ಯಾಕೆ ಮೂವತ್ತು ವರ್ಷ ಬಾಳಲ್ಲ? ನಮಗೆ ಚಳಿಗಾಲ ಇಲ್ಲ, ಬಳ್ಳಿ ನಿದ್ದೆ ಮಾಡೋದೇ ಇಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಚಾಟ್ನಿ (ಬಳ್ಳಿ ಸವರೋದು), ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಚಾಟ್ನಿ ಮಾಡಿ ಫೆಬ್ರವರಿ-ಮಾರ್ಚ್‌ಗೆ ಕೊಯ್ಲು ಮಾಡ್ತೀವಿ. ಕೊಯ್ಲು ಹೊತ್ತಿಗೆ ಬಿಸಿಲು ಏರ್ತಾ ಇರುತ್ತೆ. ಸಕ್ಕರೆ ಓಡುತ್ತೆ, ಹುಳಿ ಇಳಿಯುತ್ತೆ, ಸಿಪ್ಪೆಯೊಳಗಿನ ಒಗರು ಮಾತ್ರ ಇನ್ನೂ ಹಸಿ.

ರಸಾಯನ ರಘು

ಉತ್ತರ ನಿಮ್ಮ ಮಾತಿನಲ್ಲೇ ಇದೆ ಸ್ವಾಮಿ. ಹುಳಿ ಇಳಿದರೆ ಪಿಎಚ್ ಏರುತ್ತದೆ. ಪಿಎಚ್ ಏರಿದರೆ ಬಣ್ಣ ನಿಲ್ಲುವುದಿಲ್ಲ, ಸಲ್ಫರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾಂಟೆ ಬೆಲ್ಲೊ ತೋಟ ಇರುವುದು ಸುಮಾರು 1300ರಿಂದ 2700 ಅಡಿ ಎತ್ತರದಲ್ಲಿ, ಮಣ್ಣಿನಡಿ ಸುಣ್ಣಕಲ್ಲು, ಬೆಟ್ಟದ ಆಚೆಗೆ ಪೆಸಿಫಿಕ್ ಸಾಗರದ ತಣ್ಣನೆ ಗಾಳಿ. ದ್ರಾಕ್ಷಿ ನಿಧಾನಕ್ಕೆ ಹಣ್ಣಾಗುತ್ತದೆ, ಹುಳಿ ಉಳಿಸಿಕೊಂಡೇ ಒಗರು ಮಾಗುತ್ತದೆ. ಅಲ್ಲೂ ಬೇಗ ಆದ ಕೆಲಸವಲ್ಲ. ಒಸಿಯಾ ಪೆರೋನ್ ಅನ್ನುವ ಇಟಲಿಯ ಡಾಕ್ಟರು 1885ರಲ್ಲಿ ಜಮೀನು ಕೊಂಡು, 1892ರಲ್ಲಿ ಮೊದಲ ವೈನ್ ಮಾಡಿದರು. ಪಾನನಿಷೇಧದ ಕಾಲದ ನಂತರ ತೋಟ ಪಾಳುಬಿತ್ತು. 1940ರ ದಶಕದಲ್ಲಿ ಕ್ಯಾಬರ್ನೆ ಮತ್ತೆ ನೆಟ್ಟರು, 1959ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿ ಕೊಂಡರು. ಯಾವ ತುಂಡು ನೆಲದ ದ್ರಾಕ್ಷಿ ಬೆರಕೆಗೆ ಸೇರಬೇಕು, ಯಾವುದು ಬೇಡ ಅಂತ ಈಗಲೂ ಪ್ರತಿವರ್ಷ ರುಚಿ ನೋಡಿಯೇ ತೀರ್ಮಾನಿಸುತ್ತಾರೆ.

ನಂದಿ ತಪ್ಪಲ ರೈತ

ಸರಿ. ಇನ್ನೊಂದು ಸಂಕಟ ಅಂದ್ರೆ ಬೆಳೆದು ಕೊಟ್ಟರೂ ಇಡೋ ಜಾಗ ಇಲ್ಲ. ಬೆಂಗಳೂರಿನ ಒಂದು ಅಂಗಡೀಲಿ ಒಳ್ಳೇ ಹೆಸರಿನ ಬೋರ್ಡೊ ಬಾಟಲಿ ಗಾಜಿನ ಶೋಕೇಸಲ್ಲಿ ನಿಂತುಕೊಂಡೇ ಎಷ್ಟೋ ಬೇಸಿಗೆ ಕಳೆದಿತ್ತು, ಮೇಲೆ ಫೋಕಸ್ ಲೈಟ್ ಬೇರೆ. ಕಾರ್ಕ್ ಅರ್ಧ ಬೆರಳು ಹೊರಗೆ ಬಂದಿತ್ತು. ಕೇಳಿದ್ರೆ 'ಹಳೇದು ಸಾರ್, ರೇಟ್ ಜಾಸ್ತಿ' ಅಂದ!

ವಿರಾಜಪೇಟೆ ಕಾವೇರಿ

ಗೌರಿ ಅಕ್ಕ, ಬೋರ್ಡೊದವರು ಹಿಂದೆ ಇಂಡಿಯಾಕ್ಕೇ ವೈನ್ ಕಳಿಸ್ತಿದ್ದರಂತಲ್ಲ, ಹೌದಾ? ಸೆಕೆಯಲ್ಲಿ ಹಾಳಾಗ್ತಿರಲಿಲ್ವಾ?

ಗಿರೋಂದ್ ಗೌರಿ

ಹೌದಮ್ಮ. ಇಲ್ಲಿನ ಸ್ಯಾಂತ್ ಎಸ್ತೆಫ್‌ನ ಕೋಸ್ ದೆಸ್ತೂರ್ನೆಲ್ ತೋಟ ಕಟ್ಟಿದ ಲೂಯಿ ಗಾಸ್ಪಾರ್ ದೆಸ್ತೂರ್ನೆಲ್ ಹತ್ತೊಂಬತ್ತನೇ ಶತಮಾನದಲ್ಲಿ ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಿದ್ದ. ಮಾರಾಟವಾಗದೆ ಮರಳಿ ಬಂದ ಬಾಟಲಿಗಳ ರುಚಿ ಸಮುದ್ರಯಾನದಿಂದ ಮಾಗಿದೆ ಅಂತ ಅವುಗಳಿಗೆ ಬೇರೆ ಗುರುತು ಹಾಕಿ ಮಾರಿದ. ವೈನರಿಯ ಮೇಲೆ ಪಗೋಡ ಗೋಪುರ ಎಬ್ಬಿಸಿದ, ಜನ ಅವನನ್ನು ಸ್ಯಾಂತ್ ಎಸ್ತೆಫ್ ಮಹಾರಾಜ ಅಂತಿದ್ದರು. ಮಾಗಿತ್ತೋ ಬೆಂದಿತ್ತೋ, ನನಗೆ ಅನುಮಾನ. ವ್ಯಾಪಾರ ಮಾತ್ರ ಬಲು ಜಾಣತನದ್ದು. ಬೋರ್ಡೊ ತೋಟಗಳ 1855ರ ವರ್ಗೀಕರಣದಲ್ಲಿ ಅದು ಎರಡನೇ ದರ್ಜೆ ಪಡೆಯಿತು, ಗೋಪುರ ಇನ್ನೂ ಇದೆ.

ಕುಪರ್ಟಿನೊ ಕಿಟ್ಟಿ

ಮರುದಿನದ ವರದಿ. ಒಂದು ಲೋಟದಷ್ಟು ಉಳಿದಿತ್ತು, ಚಿಕ್ಕ ಶೀಸೆಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೆ. ಪೆನ್ಸಿಲ್, ಪುದೀನ ಹೋಗಿವೆ. ಹಣ್ಣು ತೆಳುವಾಗಿದೆ, ಹುಳಿ ಮುಂದೆ ಬಂದಿದೆ. ರಘು ಸಾರ್ ಹೇಳಿದ 'ಮುಗಿದ ವೈನ್' ಅಂದರೆ ಹೇಗಿರುತ್ತೆ ಅಂತ ಈಗ ಬಾಯಿಗೇ ಗೊತ್ತಾಯಿತು. ಹೊಸ ಮಾಂಟೆ ಬೆಲ್ಲೊ ಬಾಟಲಿಗೇ 200 ಡಾಲರ್ ಮೇಲಿದೆ, ನನ್ನ ಕೈಗೆಟುಕುವುದಲ್ಲ. ಇದೇ ದಾರಿಯಲ್ಲಿ ಕಡಿಮೆ ಖರ್ಚಿನಲ್ಲಿ ಏನಿದೆ? ಡಿಸೆಂಬರಿನಲ್ಲಿ ಊರಿಗೂ ಹೋಗುವುದಿದೆ, ಅಪ್ಪನಿಗೆ ಒಂದು ಒಯ್ಯಬೇಕು.

ಗಿರೋಂದ್ ಗೌರಿ

ದೊಡ್ಡ ಹೆಸರುಗಳ ಹಿಂದೆ ಹೋಗಬೇಡಿ. ಸೋಸಿಯಾಂಡೊ ಮಾಲೆ, ಪೂಜೋ, ಶಾಸ್ ಸ್ಪ್ಲೀನ್, ಇಂಥ ಮೆದೋಕ್ ತೋಟಗಳ 2005 ಅಥವಾ 2010 ಹುಡುಕಿ. ಒಳ್ಳೆಯ ವರ್ಷದ ಸಾಧಾರಣ ತೋಟ, ಕೆಟ್ಟ ವರ್ಷದ ದೊಡ್ಡ ತೋಟಕ್ಕಿಂತ ಮೇಲು. 2013 ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕೈಮುಗಿದು ಬನ್ನಿ. ಕೊಳ್ಳುವ ಮುಂಚೆ ಎಲ್ಲಿಟ್ಟಿದ್ದರು ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಊರಿಗೆ ಒಯ್ಯಲು ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್, ಅಂದರೆ ಎರಡು ಬಾಟಲಿ. ಮೂರನೆಯದು ಮಿತಿ ಮೀರುತ್ತದೆ. ಬಟ್ಟೆ ಸುತ್ತಿ ಚೆಕ್ ಇನ್ ಸಾಮಾನಿನಲ್ಲಿ ಹಾಕಿ. ವಿಮಾನ ಇಳಿದ ದಿನವೇ ತೆರೆಯಬೇಡಿ, ಗಸಿಯೆಲ್ಲ ಕದಡಿರುತ್ತದೆ. ಒಂದೆರಡು ವಾರ ಮನೆಯ ತಂಪು ಕೋಣೆಯಲ್ಲಿ ನಿಲ್ಲಿಸಿಡಿ.

ಧಾರವಾಡ ಸಂಶಯಪ್ಪ

ಎರಡರಾಗ ಒಂದು ಧಾರವಾಡಕ್ಕ ತರ್ರಿ ಕಿಟ್ಟಿ ಅವರ. ಬಾಟಲಿಗೆ ಚೀಲ ಹಾಕ್ರಿ, ಪಕ್ಕಕ್ಕ ನಂದಿ ರೈತರದೂ ಒಂದು ಚೀಲದಾಗ ಇರ್ಲಿ. ನಮ್ಮ ಮನಿಯವರನ್ನ ಮೊದಲು ಕುಡಿಸೋಣು.